ಇಂಗು, ಗಿರಣಿ ಮತ್ತು ನನ್ನ ಶುಗರ್

ಇಂಗಿನ ಡಬ್ಬಿಯಲ್ಲಿ ಗೋಧಿ ಇರುತ್ತದೆ ಅಂದರೆ ನಮ್ಮತ್ತೆ ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಗೋಧಿ ಕರುಳಿಗೆ ಎಷ್ಟು ತೊಂದರೆ ಕೊಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ, ಟಿಟಿಜಿ, 200ರ ಮೇಲಿದ್ದದ್ದು ಈ ಸಲ 11 ಬಂದಿದೆ. ಮೂರು ತಿಂಗಳ ಶುಗರಿನ ಸರಾಸರಿ ಹೇಳುವ, ಒಂಬತ್ತೂವರೆ ಇದ್ದ ಎಚ್‌ಬಿಎ1ಸಿ 7.2ಕ್ಕೆ ಇಳಿದಿದೆ.

ನನಗೆ ಟೈಪ್ 1 ಡಯಾಬಿಟೀಸ್ ಬಂದು ಹದಿನೇಳು ವರ್ಷ, ಗೋಧಿಯಲ್ಲಿರುವ ಗ್ಲುಟನ್ ಅನ್ನೋ ಅಂಟು ಕರುಳಿಗೆ ಆಗದ ಸೀಲಿಯಾಕ್ ಕಾಯಿಲೆ ಗೊತ್ತಾಗಿ ನಾಲ್ಕು. ಅದಕ್ಕೂ ಮುಂಚೆ ರಾತ್ರಿ ಚಪಾತಿ ತಿಂದು, ಲೆಕ್ಕ ಹಾಕಿಯೇ ಇನ್ಸುಲಿನ್ ತಗೊಂಡು ಮಲಗಿದರೂ ನಡುರಾತ್ರಿ ಶುಗರ್ ಲೋ ಆಗಿ ಬೆವರುತ್ತಾ ಏಳುತ್ತಿದ್ದೆ. ತಿಂದದ್ದು ಮೈಗೆ ಹತ್ತುತ್ತಲೇ ಇರಲಿಲ್ಲ, ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಹಿಮೋಗ್ಲೋಬಿನ್ 8ರ ಆಸುಪಾಸು. “ಅದು ಪಂಜಾಬಿನ ಕಡೆಯವರ ಕಾಯಿಲೆ ಕಣಮ್ಮಾ” ಅಂದ ಡಾಕ್ಟರೂ ಸಿಕ್ಕಿದ್ದರು. ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡಿದ ಮೇಲೆ ಆ ಮಾತು ನಿಂತಿತು.

ಮೊದಲ ವರ್ಷ ಪೂರ್ತಿ ಪ್ಯಾಕೆಟ್ಟಿಗೆ ಸುರಿದೆ. ಗ್ಲುಟನ್ ಫ್ರೀ ಬ್ರೆಡ್ಡು, ಬಿಸ್ಕತ್ತು, ಪಾಸ್ತಾ ಅಂತ ತಿಂಗಳಿಗೆ ನಾಲ್ಕೈದು ಸಾವಿರ. ಹೊಟ್ಟೆ ಸುಮ್ಮನಾಯಿತು, ಶುಗರ್ ಕುಣಿಯಿತು. ಅದರಲ್ಲಿ ಇರೋದೆಲ್ಲ ಅಕ್ಕಿ ಹಿಟ್ಟು, ಆಲೂಗಡ್ಡೆ ಪಿಷ್ಟ, ಅಷ್ಟೇ ಅಲ್ವಾ? ಎರಡು ಸ್ಲೈಸಿಗೆ ಶುಗರ್ 290! ಜೊತೆಗೆ ಕರುಳು ವಾಸಿಯಾಗುತ್ತಾ ಬಂದು ತಿಂದದ್ದೆಲ್ಲ ಮೈಗೆ ಹತ್ತತೊಡಗಿತು. ದಿನಕ್ಕೆ 26 ಯೂನಿಟ್ ಸಾಕಾಗುತ್ತಿದ್ದ ಇನ್ಸುಲಿನ್ 35ರ ಹತ್ತಿರ ಹೋಯಿತು. ಹೀಗಾಗುತ್ತದೆ ಅಂತ ಯಾರೂ ಮೊದಲೇ ಹೇಳಿರಲಿಲ್ಲ, ನಾನು ಎರಡು ತಿಂಗಳು ಬ್ರೆಡ್ಡನ್ನೇ ಬೈದುಕೊಂಡಿದ್ದೆ.

ಆಮೇಲೆ ಜೋಳದ ರೊಟ್ಟಿಗೆ ಬಂದೆ. ಆದರೂ ಟಿಟಿಜಿ 90ರಲ್ಲೇ ಕೂತಿತು. ಗಿರಣಿಯಲ್ಲಿ ನನ್ನ ಜೋಳಕ್ಕಿಂತ ಮುಂಚೆ ಯಾರದೋ ಗೋಧಿ ಬೀಸಿರುತ್ತಾರೆ! ಗಿರಣಿಯವರಿಗೆ ದುಡ್ಡು ಕೊಟ್ಟು ಮೊದಲು ಒಂದು ಕಿಲೋ ಅಕ್ಕಿ ಹಾಕಿಸಿ, ಆ ಹಿಟ್ಟನ್ನು ಎಮ್ಮೆಗೆ ಕೊಟ್ಟು, ಆಮೇಲೆ ಜೋಳ ಬೀಸಿಸಿದೆ. ಎಂಟು ತಿಂಗಳು ಹೀಗೇ ನಡೆಯಿತು, ಎಮ್ಮೆ ದಪ್ಪಗಾಯಿತು, ರಿಪೋರ್ಟ್ ಹಾಗೇ ಇತ್ತು. ಕೊನೆಗೆ ಹದಿನೇಳು ಸಾವಿರ ಕೊಟ್ಟು ಮನೆಗೇ ಸಣ್ಣ ಗಿರಣಿ ತಂದೆ. “ಒಬ್ಬಳ ರೊಟ್ಟಿಗೆ ಇಷ್ಟು ದುಡ್ಡಾ?” ಅಂದರು ಮನೆಯವರು. ಅದೇ ವಾರ ಇಂಗಿನ ಡಬ್ಬಿಯ ಹಿಂದೆ ಬರೆದದ್ದನ್ನು ಓದಿದೆ, ಅದರಲ್ಲಿ ಮೈದಾ. ಸಾರು, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಎಲ್ಲದಕ್ಕೂ ಬಿದ್ದಿತ್ತದು. ಈಗ ಅಕ್ಕಿ ಹಿಟ್ಟು ಬೆರೆಸಿದ ಇಂಗು ತರಿಸುತ್ತೇನೆ. ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದು ನಿಜವಾದ ಕಳ್ಳ ಅಂತ ಹೇಳಲಾರೆ.

ನಡುವೆ ಎರಡು ವಾರ ಬೆರಳು ಚುಚ್ಚಿಕೊಂಡು ಇನ್ನೊಂದು ಆಟ ಆಡಿದೆ. ಒಂದೇ ತೂಕದ ಹಿಟ್ಟು, ಒಂದೇ ಸೊಪ್ಪಿನ ಪಲ್ಯ. ರಾಗಿ ಮುದ್ದೆಗೆ ಎರಡು ಗಂಟೆ ಬಿಟ್ಟು ಶುಗರ್ 210 ಬಂದಿತ್ತೇನೋ, ರಾಗಿ ರೊಟ್ಟಿಗೆ 180, ಜೋಳದ ರೊಟ್ಟಿಗೆ 165ರ ಸುತ್ತಮುತ್ತ. ಸಾಬಕ್ಕಿ ಕಿಚಡಿಯ ಲೆಕ್ಕ ಬೇಡವೇ ಬೇಡ. ಇದು ನನ್ನ ಮೈಯ ಲೆಕ್ಕ, ನಿಮ್ಮದು ನೀವೇ ನೋಡಿಕೊಳ್ಳಿ.

ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಸೀಳುತ್ತದೆ ಅಂತ ನಿಮಗೇ ಗೊತ್ತು. ಮನೆಯಲ್ಲೇ ಗಿರಣಿ ಇರುವುದರಿಂದ ನಾಲ್ಕು ದಿನಕ್ಕೊಮ್ಮೆ ಬೀಸುತ್ತೇನೆ. ಇನ್ನೊಂದು ಹಿಟ್ಟು ಸ್ವಲ್ಪ ಬೆರೆಸುತ್ತೇನೆ, ರೊಟ್ಟಿ ಸಂಜೆವರೆಗೂ ಮೆತ್ತಗಿರುತ್ತದೆ. ಅದು ಯಾವುದು ಅಂತ ಓರಗಿತ್ತಿಗೂ ಹೇಳಿಲ್ಲ.

ಪಕ್ಕದ ಮನೆಯವರು ಒಂದೇ ಒಂದು ಕಿಲೋ ಗೋಧಿ ಬೀಸಿಕೊಡಿ ಅಂದರು. ಆಗಲ್ಲ ಅಂದೆ. ಎರಡು ತಿಂಗಳು ಮಾತು ಬಿಟ್ಟರು. ಈಗ ಜೋಳ ತರುತ್ತಾರೆ. ಅದನ್ನೂ ಮೊರದಲ್ಲಿ ಹಾಕಿ, ಗೋಧಿ ಕಾಳು ಇದೆಯಾ ಅಂತ ನೋಡಿಯೇ ಗಿರಣಿಗೆ ಸುರಿಯೋದು.