ಬಿಸಿಲಿಗೆ ಬಾಡಿದ ಹೊಸ ಗುಲಾಬಿ: ಮೊದಲು ಬುಡದ ಉಂಡೆ ನೆನೆಸಿ

ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದವರಲ್ಲಿ ಬಹಳ ಜನ ವಾಪಸ್ ಬರುವಾಗ ಒಂದು ಗುಲಾಬಿ ಗಿಡ ತರುತ್ತಾರೆ. ಮಾರ್ಚ್ ಮುಗಿಯುವಷ್ಟರಲ್ಲಿ ಅದರ ಎಲೆ ಅಂಚು ಸುಟ್ಟಿರುತ್ತದೆ, ಕೆಳಗಿನ ಎಲೆಗಳು ಹಳದಿಯಾಗಿ ಉದುರಿರುತ್ತವೆ. ಆಗ ಗಾಬರಿಯಾಗಿ ಒಂದು ಹಿಡಿ ಡಿಎಪಿ ರಾಸಾಯನಿಕ ಗೊಬ್ಬರ ಹಾಕಿ ಮೇಲಿಂದ ಒಂದು ಚೊಂಬು ನೀರು ಸುರಿಯುತ್ತಾರೆ. ಡಿಎಪಿ ಒಣಗಿದ ಬೇರನ್ನು ಸುಡುತ್ತದೆ. ನೀರು ಬೇರಿಗೆ ಮುಟ್ಟುವುದೇ ಇಲ್ಲ.

ಮೊದಲು ಗಿಡಕ್ಕೆ ಜೀವ ಇದೆಯಾ ನೋಡಿ. ಕಾಂಡದ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರಿದ್ದರೆ ಉಳಿಯುತ್ತದೆ. ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ಸರಿಯಾದರೆ ಏನೂ ಮಾಡಬೇಡಿ. ಬೆಳಿಗ್ಗೆ ಆರು ಗಂಟೆಗೂ ಜೋತುಬಿದ್ದಿದ್ದರೆ ಮಾತ್ರ ಚಿಂತೆ.

ಎಲ್ಲರೂ ಎಡವುವುದು ಇದರ ಮುಂದೆ. ನರ್ಸರಿಯಿಂದ ಕಪ್ಪು ಕವರಿನಲ್ಲಿ ಬರುವ ಗುಲಾಬಿಯ ಬೇರು ಸಾಮಾನ್ಯವಾಗಿ ಜೇಡಿಯಂಥ ಕೆಮ್ಮಣ್ಣಿನ ಉಂಡೆಯೊಳಗೆ ಇರುತ್ತದೆ. ಒಮ್ಮೆ ಪೂರ್ತಿ ಒಣಗಿದರೆ ಅದು ಇಟ್ಟಿಗೆ ಇದ್ದ ಹಾಗೆ. ನೀವು ಹಾಕಿದ ನೀರು ಉಂಡೆಯ ಪಕ್ಕದಲ್ಲಿ ಜಾರಿ, ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದು ಕುಂಡದ ತೂತಿನಿಂದ ಹೊರಗೆ ಬಂದುಬಿಡುತ್ತದೆ. ಮೇಲ್ಮಣ್ಣು ಒದ್ದೆ, ಕೆಳಗೆ ತಟ್ಟೆಯಲ್ಲಿ ನೀರು, ಮಧ್ಯದಲ್ಲಿ ಬೇರು ಮಾತ್ರ ಬಾಯಾರಿ ಕೂತಿರುತ್ತದೆ! ಕಾಂಡದ ಹತ್ತಿರ ಊದುಬತ್ತಿ ಕಡ್ಡಿ ಚುಚ್ಚಿ ತೆಗೆದು ನೋಡಿ. ಒಣಗಿಯೇ ಬಂದರೆ, ಅಥವಾ ಒಳಗೆ ಹೋಗದೆ ಮುರಿದರೆ, ಉಂಡೆ ನೆಂದಿಲ್ಲ.

ಕುಂಡದ ಗಿಡವಾದರೆ ಕುಂಡವನ್ನೇ ಬಕೆಟ್ ನೀರಿನಲ್ಲಿ ಅಂಚಿನವರೆಗೆ ಮುಳುಗಿಸಿ. ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಿ, ಅರ್ಧ ಗಂಟೆ, ಕೆಲವೊಮ್ಮೆ ಜಾಸ್ತಿ. ಆಮೇಲೆ ಎತ್ತಿ ನೀರು ಪೂರ್ತಿ ಬಸಿಯಲು ಬಿಡಿ, ರಾತ್ರಿಯೆಲ್ಲಾ ನೀರಿನಲ್ಲಿ ಬಿಟ್ಟರೆ ಬೇರು ಕೊಳೆಯುತ್ತದೆ. ನೆಲದ ಗಿಡಕ್ಕೆ ಕಾಂಡದಿಂದ ನಾಲ್ಕು ಬೆರಳು ದೂರದಲ್ಲಿ ತೆಳು ಕಂಬಿಯಿಂದ ಐದಾರು ಕಡೆ ಗೇಣುದ್ದ ತೂತು ಮಾಡಿ. ಒಂದೆರಡು ಬೇರು ಕಡಿದರೂ ಪರವಾಗಿಲ್ಲ. ಆಮೇಲೆ ಮುಚ್ಚಳಕ್ಕೆ ಸೂಜಿಯಿಂದ ತೂತು ಹಾಕಿದ ನೀರಿನ ಬಾಟಲಿಯನ್ನು ಬುಡದಲ್ಲಿ ತಲೆಕೆಳಗಾಗಿ ಊರಿ. ಹನಿಹನಿಯಾಗಿ ಇಳಿದ ಒಂದು ಲೀಟರ್ ನೀರು, ಪೈಪಿನಲ್ಲಿ ಸುರಿದ ಒಂದು ಬಕೆಟ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಉಂಡೆ ನೆಂದ ಮೇಲೆ ದಿನಾ ಸುರಿಯಬೇಡಿ. ಕಡ್ಡಿ ಚುಚ್ಚಿ ನೋಡಿ, ಬೇಕಿದ್ದರೆ ಬೆಳಿಗ್ಗೆ ಹಾಕಿ. ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಕಾದಿರುತ್ತದೆ, ಅದನ್ನು ಬೇರೆ ಕಡೆ ಬಿಟ್ಟುಬಿಡಿ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಾಗ ಜನ ಆರ್‌ಓ ಫಿಲ್ಟರಿನ ವೇಸ್ಟ್ ನೀರು ಹಿಡಿದಿಟ್ಟು ಹಾಕಲು ಶುರು ಮಾಡಿದರು. ಆ ನೀರಿನಲ್ಲಿ ಉಪ್ಪು ಜಾಸ್ತಿ, ಬೋರ್‌ವೆಲ್ ಮನೆಗಳಲ್ಲಿ ಇನ್ನೂ ಜಾಸ್ತಿ. ಗುಲಾಬಿಗೆ ಬೇಡ. ಅಕ್ಕಿ, ತರಕಾರಿ ತೊಳೆದ ನೀರು ಆರಾಮಾಗಿ ಹಾಕಿ.

ನೆರಳಿಗೆ 50 ಪರ್ಸೆಂಟ್ ಶೇಡ್ ನೆಟ್ ಅಥವಾ ಹಳೆ ಕಾಟನ್ ಸೀರೆ ಸಾಕು, ಮಧ್ಯಾಹ್ನದ ಬಿಸಿಲು ತಡೆದರಾಯಿತು. ಪೂರ್ತಿ ಕತ್ತಲೆಗೆ ಎಳೆಯಬೇಡಿ. ಬುಡಕ್ಕೆ ಎರಡು ಇಂಚು ಒಣ ಎಲೆ ಹರಡಿ, ಕಾಂಡಕ್ಕೆ ತಾಗಿಸಬೇಡಿ.

ಮೊಗ್ಗುಗಳನ್ನೆಲ್ಲಾ ಚಿವುಟಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಚಿವುಟಿ. ಕಾಂಡ ಮಾತ್ರ ಈಗ ಕತ್ತರಿಸಬೇಡಿ, ಪೂರ್ತಿ ಕಪ್ಪಾಗಿ ಒಣಗಿದ್ದನ್ನು ಬಿಟ್ಟು. ಅಂಗಡಿಯವರು ಕೊಡುವ ಬಣ್ಣಬಣ್ಣದ ‘ಟಾನಿಕ್’ ಬಾಟಲಿಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಎಲೆ ಅಡಿಯಲ್ಲಿ ಸಣ್ಣ ಬಲೆ, ಮೇಲೆ ಧೂಳಿನಂಥ ಚುಕ್ಕೆ ಕಂಡರೆ ನುಸಿ ಬಂದಿದೆ ಅಂತ. ಬೆಳಿಗ್ಗೆ ಎಲೆ ಅಡಿಗೆ ಜೋರಾಗಿ ನೀರು ಹೊಡೆಯಿರಿ. ಬಿಸಿಲಲ್ಲಿ ಬೇವಿನೆಣ್ಣೆ ಸಿಂಪಡಿಸಿದರೆ ಉಳಿದ ಎಲೆಯೂ ಸುಡುತ್ತದೆ.

ಎರಡು ಮೂರು ವಾರದಲ್ಲಿ ಕೆಂಪು ಚಿಗುರು ಕಾಣಬೇಕು. ಆ ಚಿಗುರು ಬಲಿತ ಮೇಲೆ ಒಂದು ಹಿಡಿ ಎರೆಹುಳು ಗೊಬ್ಬರ ಕೊಡಿ, ಅದಕ್ಕೂ ಮೊದಲು ಬೇಡ. ಚಿಗುರು ಎಲ್ಲಿಂದ ಬಂತು ಅಂತಲೂ ನೋಡಿ. ಕಸಿ ಕಟ್ಟಿದ ಗಂಟಿನ, ಅಂದರೆ ಕಾಡುಗುಲಾಬಿಯ ಬುಡಕ್ಕೆ ಹೂವಿನ ಗುಲಾಬಿ ಜೋಡಿಸಿದ ಜಾಗದ, ಕೆಳಗಿನಿಂದ ಬಂದಿದ್ದರೆ ಅದು ಕಾಡುಗುಲಾಬಿಯ ಚಿಗುರು, ಎಷ್ಟು ಸೊಂಪಾಗಿದ್ದರೂ ಬುಡಸಮೇತ ಕಿತ್ತುಹಾಕಿ.