ಎರಡು ಮರದ ಸರ್‌ನೇಮ್: ಲಿನ್ ಅನ್ನಬೇಕಾ, ಹಯಾಶಿ ಅನ್ನಬೇಕಾ?

ಚೀನಾದವರೊಬ್ಬರ ವಿಸಿಟಿಂಗ್ ಕಾರ್ಡಲ್ಲಿ ಸರ್‌ನೇಮ್ ಜಾಗದಲ್ಲಿ 林 ಅನ್ನೋ ಅಕ್ಷರ, ಜಪಾನಿನವರೊಬ್ಬರ ಕಾರ್ಡಲ್ಲೂ ಅದೇ ಅಕ್ಷರ. ಆದರೆ ಅವರನ್ನು ಲಿನ್ ಅನ್ನಬೇಕು, ಇವರನ್ನು ಹಯಾಶಿ. ಬಿಡದಿ ಕಡೆ ಜಪಾನಿನವರ ಜೊತೆ ಕೆಲಸ ಮಾಡುವವರಿಗಂತೂ ಇದು ಗೊತ್ತಿದ್ದರೆ ಒಳ್ಳೆಯದು. ಕಲಿಯೋಕೆ ಕಷ್ಟ ಏನಿಲ್ಲ.

ಮೊದಲು ಅಕ್ಷರದ ಗುರುತು ಹಿಡಿಯಿರಿ. ಒಂದು ಅಡ್ಡಗೆರೆ, ಅದನ್ನು ಸೀಳಿಕೊಂಡು ಕೆಳಗಿಳಿಯುವ ಒಂದು ಉದ್ದಗೆರೆ, ಅವೆರಡೂ ಸೇರುವಲ್ಲಿಂದ ಎಡಕ್ಕೊಂದು ಬಲಕ್ಕೊಂದು ಓರೆಗೆರೆ. ಇದು ಮರ. ಪಕ್ಕಪಕ್ಕ ಎರಡು ಮರ ಬರೆದರೆ ತೋಪು, ಒಟ್ಟು 8 ಗೆರೆ. ನೀವೇ ಬರೆಯುವಾಗ ಎಡಗಡೆ ಮರವನ್ನು ಸ್ವಲ್ಪ ಸಣಕಲು ಮಾಡಿ, ಅದರ ಬಲಗಡೆಯ ಓರೆಗೆರೆಯನ್ನು ಚುಕ್ಕಿಯಷ್ಟಕ್ಕೇ ನಿಲ್ಲಿಸಿ, ಇಲ್ಲದಿದ್ದರೆ ಅದು ಹೋಗಿ ಪಕ್ಕದ ಮರಕ್ಕೆ ಬಡಿಯುತ್ತದೆ. ಮೇಲೊಂದು ಕೆಳಗೆರಡು ಅಂತ ಮೂರು ಮರ ಕಂಡರೆ ಅದು ಬೇರೆ ಅಕ್ಷರ, ದಟ್ಟ ಕಾಡು. ಜಪಾನಿನಲ್ಲಿ ಅದೂ ಒಂದು ಸರ್‌ನೇಮ್, ಮೋರಿ ಅಂತ. ಎದುರಿಗೆ ನಗಬೇಡಿ.

ಆಮೇಲೆ ಕಾರ್ಡಿನ ಉಳಿದ ಭಾಗ ನೋಡಿ. ಎಲ್ಲಾದರೂ ಹಿರಗಾನ, ಕಟಕಾನ ಇದ್ದರೆ, ಅಂದರೆ ಎರಡು ಮೂರು ಗೆರೆಯಲ್ಲೇ ಮುಗಿಯುವ ಸರಳ ಅಕ್ಷರಗಳು ನಡುನಡುವೆ ಬಂದರೆ, ಅದು ಹೆಚ್ಚಾಗಿ ಜಪಾನಿನದ್ದು. ಇಂಗ್ಲಿಷ್ ಸ್ಪೆಲಿಂಗ್ ಇದ್ದರಂತೂ ಅದನ್ನೇ ನಂಬಿ, ಯಾಕೆಂದರೆ ಚೀನಿ ಮೂಲದವರಲ್ಲೇ ಈ ಅಕ್ಷರಕ್ಕೆ ಒಂದೇ ಉಚ್ಚಾರ ಇಲ್ಲ. ಹಾಂಗ್‌ಕಾಂಗಿನಲ್ಲಿ ಲಾಮ್. ಸಿಂಗಪುರ, ಮಲೇಷ್ಯಾದ ಹೊಕ್ಕಿಯೆನ್ ಅನ್ನೋ ಚೀನಿ ಮಾತಾಡುವ ಮನೆಗಳಲ್ಲಿ ಲಿಮ್. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಸೋಲಿಸಿದ್ದು ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್ ಅವರನ್ನು, ಅಲ್ವಾ? ಆ ಲಿಮ್ ಕೂಡ ಇದೇ ಎರಡು ಮರ. 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಚೀನಾದ ಲಿನ್ ಡಾನ್ ಅವರದ್ದೂ ಇದೇ.

ಅರ್ಥ ಎರಡೂ ಕಡೆ ತೋಪು. ಆದರೆ ಹೆಸರು ಬಂದ ದಾರಿ ಬೇರೆ. ಚೀನಾದಲ್ಲಿ ಇದಕ್ಕೊಂದು ವಂಶದ ಕಥೆ ಇದೆ. ಶಾಂಗ್ ವಂಶದ ಕೊನೆಯ ದೊರೆ ತನ್ನ ಚಿಕ್ಕಪ್ಪ ಬಿ ಗಾನ್‌ನನ್ನು ಕೊಲ್ಲಿಸಿದನಂತೆ, ಬಿ ಗಾನ್‌ನ ಬಸುರಿ ಹೆಂಡತಿ ಕಾಡಿಗೆ ಓಡಿಹೋಗಿ ಅಲ್ಲೇ ಹೆತ್ತಳಂತೆ, ಮುಂದೆ ಶಾಂಗ್‌ರನ್ನು ಸೋಲಿಸಿದ ಜೋ ವಂಶದ ದೊರೆ ಆ ಮಗುವಿಗೆ ಲಿನ್ ಅನ್ನೋ ಹೆಸರು ಕೊಟ್ಟನಂತೆ. ಜಪಾನಿನಲ್ಲಿ ಹಳೆಯ ಹಯಾಶಿ ಮನೆತನಗಳೂ ಇವೆ. ಆದರೆ ಎಲ್ಲರಿಗೂ ಸರ್‌ನೇಮ್ ಕಡ್ಡಾಯ ಆಗಿದ್ದು 1875ರಲ್ಲಿ, ಮತ್ತು ಅಲ್ಲಿನ ಸರ್‌ನೇಮ್‌ಗಳಲ್ಲಿ ಊರು, ಗದ್ದೆ, ಬೆಟ್ಟ, ತೋಪುಗಳೇ ಜಾಸ್ತಿ. ಹಯಾಶಿ ಅಲ್ಲಿ ಇವತ್ತಿಗೂ ದಿನಬಳಕೆಯ ಮಾತು. ಅದಕ್ಕೆ ಮೊದಲು 'ಚಿಕ್ಕ' ಅನ್ನೋ ಅಕ್ಷರ ಸೇರಿದರೆ ಕೊಬಯಾಶಿ. ಹ ಹೋಗಿ ಬ ಬಂತು, ನೋಡಿ.

ಇನ್ನೊಂದು ಗೋಜಲು. ಚೀನಾದವರು ಜಪಾನಿ ಹೆಸರನ್ನೂ ತಮ್ಮ ಉಚ್ಚಾರದಲ್ಲೇ ಓದುತ್ತಾರೆ, ಹಾಗಾಗಿ ಅವರ ಬಾಯಲ್ಲಿ ಹಯಾಶಿ ಲಿನ್ ಆಗುತ್ತಾರೆ, ಕೊಬಯಾಶಿ ಶಿಯಾವ್‌ಲಿನ್ ಆಗುತ್ತಾರೆ. ಜಪಾನಿನವರು ಚೀನಾದ ಲಿನ್ ಅವರನ್ನು ರಿನ್ ಅಂತಾರೆ. ಮೀಟಿಂಗಿನಲ್ಲಿ ರಿನ್ ಅಂತ ಕೇಳಿಸಿದರೆ ಹೊಸಬರು ಯಾರೋ ಬಂದರು ಅಂತ ಹುಡುಕಬೇಡಿ.

ಇಷ್ಟೆಲ್ಲ ನೋಡಿಯೂ ಅನುಮಾನ ಉಳಿದರೆ ಸುಮ್ನೆ ಕೇಳಿಬಿಡಿ, ಯಾರೂ ತಪ್ಪು ತಿಳಿಯಲ್ಲ. ಚೀನಿಯರು ಒಬ್ಬರಿಗೊಬ್ಬರು ಹೆಸರು ಹೇಳುವಾಗಲೂ 'ಶುವಾಂಗ್ ಮು ಲಿನ್', ಅಂದರೆ ಜೋಡಿ ಮರದ ಲಿನ್ ಅಂತ ಬಿಡಿಸಿ ಹೇಳುವುದುಂಟು. ಕರೆಯುವಾಗ ಜಪಾನಿನವರಿಗೆ ಹಯಾಶಿ-ಸಾನ್, ಗಂಡಸಾಗಲಿ ಹೆಂಗಸಾಗಲಿ. ಚೀನಿಯಲ್ಲಿ ಗಂಡಸಿಗೆ ಲಿನ್ ಶಿಯೆನ್‌ಶಂಗ್, ಹೆಂಗಸಿಗೆ ಲಿನ್ ನ್ಯೂಶಿ. ಎರಡೂ ಭಾಷೆಯಲ್ಲಿ ಸರ್‌ನೇಮ್ ಮೊದಲು ಬರುತ್ತದೆ. ಜಪಾನಿನವರು ಇಂಗ್ಲಿಷಲ್ಲಿ ಬರೆಯುವಾಗ ತಿರುಗಿಸಿ ಬರೆಯೋ ರೂಢಿ ಇತ್ತು. 2020ರಿಂದ ಅಲ್ಲಿನ ಸರ್ಕಾರಿ ಕಾಗದಗಳಲ್ಲಿ ಸರ್‌ನೇಮೇ ಮೊದಲು, ಉಳಿದವರು ಇನ್ನೂ ಎರಡೂ ತರ ಬರೆಯುತ್ತಾರೆ.

ಫೋನಿನಲ್ಲಿ ಟೈಪ್ ಮಾಡಬೇಕಾದರೆ ಚೀನಿ ಕೀಬೋರ್ಡ್ ಹಾಕಿಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಲಿನ್ ಅಂತ ಒತ್ತಿ, ಬರುವ ಸಾಲಿನಲ್ಲಿ ಜೋಡಿ ಮರ ಆರಿಸಿ. ಜಪಾನಿ ಕೀಬೋರ್ಡಾದರೆ ಹಯಾಶಿ ಅಂತ ಒತ್ತಿ. ಯಾವುದರಲ್ಲಿ ಒತ್ತಿದರೂ ಯೂನಿಕೋಡ್ ನಂಬರ್, ಅಂದರೆ ಕಂಪ್ಯೂಟರ್, ಫೋನುಗಳು ಅಕ್ಷರವನ್ನು ಗುರುತಿಸುವ ನಂಬರ್, ಒಂದೇ, 6797. ಅದಕ್ಕೇ ಅವರ ಫೋನ್ ನಂಬರ್ ಸೇವ್ ಮಾಡುವಾಗ ಅಕ್ಷರದ ಪಕ್ಕದಲ್ಲಿ ಉಚ್ಚಾರವನ್ನು ಕನ್ನಡದಲ್ಲೂ ಬರೆದಿಡಿ. ಬರೀ ಅಕ್ಷರ ಹಾಕಿ ಹುಡುಕಿದರೆ ತೈಪೆಯ ಲಿನ್, ಒಸಾಕಾದ ಹಯಾಶಿ ಇಬ್ಬರೂ ಒಟ್ಟಿಗೇ ಬರುತ್ತಾರೆ.