ಚಿರೆಕಲ್ಲಿನ ಮೇಲೆ ಹಾವಸೆ ಬೆಳೆಸುವುದು ಹೇಗೆ?

ಮಳೆ ಹಿಡಿದರೆ ಶಿರಸಿ ಕಡೆ ಪಾಗಾರವೆಲ್ಲ, ಅಂದರೆ ಕಾಂಪೌಂಡ್ ಗೋಡೆಯೆಲ್ಲ, ಹಸಿರು. ಅದರಲ್ಲಿ ಕಾಲಿಟ್ಟರೆ ಜಾರುವ ಲೋಳೆ ಪಾಚಿ ನಮಗೆ ಬೇಡ. ಮುಟ್ಟಿದರೆ ಮೆತ್ತಗಿರುವ, ಪುಟಾಣಿ ಎಲೆಗಳ ಹಾವಸೆ ಬೇಕು. ಸಿಮೆಂಟು, ಗಾರೆ, ಕಲ್ಲಿನ ಮೇಲೆ ಬೆಳೆಯುವ ಹಯೋಫಿಲಾ ಇನ್ವಾಲ್ಯೂಟಾ ಎಂಬ ಜಾತಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಒಣಗಿದಾಗ ಅದರ ಎಲೆಯ ಅಂಚು ಒಳಕ್ಕೆ ಸುರುಳಿಯಾಗುತ್ತದೆ. ಒಂದು ಹನಿ ನೀರು ಬಿಟ್ಟು ನೋಡಿ, ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ!

ಹಾವಸೆಗೆ ಬೇರಿಲ್ಲ. ಕೂದಲಿನಂಥ ಎಳೆಗಳಿಂದ ಕಲ್ಲನ್ನು ಹಿಡಿದುಕೊಳ್ಳುತ್ತದೆ, ನೀರನ್ನು ಎಲೆಯಿಂದಲೇ ಹೀರುತ್ತದೆ. ಹಾಗಾಗಿ ಗೊಬ್ಬರ ಬೇಡ. ಕಲ್ಲಿಗೆ ಅಂಟಿ ಕೂರುವುದೇ ಮುಖ್ಯ.

ಬಿತ್ತಲು ನಿಮ್ಮದೇ ಪಾಗಾರದ ಹಾವಸೆ ಒಂದು ಹಿಡಿ ಸಾಕು. ದಯವಿಟ್ಟು ಕಾಡಿನ ಮರದಿಂದ ಕೆರೆದು ತರಬೇಡಿ. ಅಲ್ಲಿ ಅದು ಮತ್ತೆ ಬೆಳೆಯಲು ವರ್ಷಗಳೇ ಬೇಕು, ಎಷ್ಟೋ ಹುಳಹುಪ್ಪಟೆಗೆ ಅದೇ ಮನೆ. ತಂದದ್ದನ್ನು ನೆರಳಲ್ಲಿ ಒಣಗಿಸಿ, ಮಣ್ಣು ಕೊಡವಿ, ಅಂಗೈಯಲ್ಲಿ ಪುಡಿ ಮಾಡಿ. ಪುಡಿಯಾದ ಚೂರುಗಳಿಂದಲೇ ಹೊಸ ಗಿಡ ಹುಟ್ಟುತ್ತದೆ.

ಆರಿದ್ರಾ ಮಳೆಯ ಹೊತ್ತು ಒಳ್ಳೆಯದು. ಒರಟಾದ ಚಿರೆಕಲ್ಲನ್ನು ಬ್ರಷ್‌ನಿಂದ ತಿಕ್ಕಿ ತೊಳೆದು, ಪೂರ್ತಿ ನೆನೆಸಿ. ಪುಡಿಯನ್ನು ತೆಳುವಾಗಿ ಉದುರಿಸಿ, ಒದ್ದೆ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ. ಮಜ್ಜಿಗೆ ಕಲಸಿ ಬಳಿಯಿರಿ ಎಂದು ಹೇಳುವವರಿದ್ದಾರೆ. ಅದರಿಂದ ಬೂಷ್ಟು ಬರುವುದೇ ಜಾಸ್ತಿ, ಸುಮ್ನೆ ನೀರೇ ಸಾಕು.

ಕಲ್ಲನ್ನು ಸೂರಿನ ನೀರು ಬೀಳದ ಕಡೆ ಇಡಿ. ದಪ್ಪ ಮಳೆಹನಿಗೆ ಪುಡಿ ಕೊಚ್ಚಿಹೋಗುತ್ತದೆ, ಅದಕ್ಕೆ ಮೇಲೊಂದು ಅಡಿಕೆ ಸೋಗೆ ಅಡ್ಡ ಕಟ್ಟಿ. ಕೋಳಿ ಕೆದಕದಂತೆ ನೋಡಿಕೊಳ್ಳಿ. ಕಾರವಾರದವರು ಸಮುದ್ರದ ಉಪ್ಪುಗಾಳಿ ನೇರ ಬೀಸದ ಮೂಲೆ ಹುಡುಕಿ. ಮಳೆ ಬಿಟ್ಟ ದಿನ ಮಳೆನೀರನ್ನೇ ಚಿಮುಕಿಸಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಒಂದೆರಡು ತಿಂಗಳಲ್ಲಿ ಹಸಿರು ಚುಕ್ಕೆ ಕಾಣತೊಡಗುತ್ತದೆ. ನಡುವೆ ಎಬ್ಬಿಸಿ ನೋಡುವ ಆಸೆಯಾಗುವುದು ಸಹಜ ಅಲ್ವಾ? ಆದರೂ ಮುಟ್ಟಬೇಡಿ, ಹಿಡಿದ ಎಳೆ ಹರಿಯುತ್ತದೆ.

ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಸತ್ತಿತೆಂದು ಕಿತ್ತು ಬಿಸಾಡಬೇಡಿ. ನೆರಳಲ್ಲೇ ಇರಲಿ, ಮಳೆ ಬಿದ್ದರೆ ಚಿಗುರುತ್ತದೆ.

ಚೆನ್ನಾಗಿ ಹರಡಿದ ಮೇಲೆ ಚೂರು ಎಬ್ಬಿಸಿ ಕುಂಡದ ಮಣ್ಣಿಗೆ, ಬೋನ್ಸಾಯ್ ಬುಡಕ್ಕೆ ಹೊದಿಸಬಹುದು. ತೇವ ಬೇಗ ಆರುವುದಿಲ್ಲ. ಕೊಂಬೆಯ ತೊಗಟೆ ಸುಲಿದು, ಒದ್ದೆ ಹಾವಸೆ ಸುತ್ತಿ ಕಟ್ಟಿ ಬೇರು ಬರಿಸುವ ಗೂಟಿ ಕಸಿಗೆ ಮಾತ್ರ ಇದು ಸಾಲದು. ಅಲ್ಲಿ ಒಣಗಿದ ತೂಕದ ಎಷ್ಟೋ ಪಟ್ಟು ನೀರು ಹಿಡಿಯುವ ಸ್ಫ್ಯಾಗ್ನಮ್ ಹಾವಸೆ ಬೇಕು. ಅದು ಸಿಗದಿದ್ದರೆ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಕಟ್ಟಿ.